ಚೀನಾ ನಾಯಕರ ಭೇಟಿ: ಕೊಳ್ಳೇಗಾಲ ಸೀಮೆಯ ಎರಡು ಲೆಕ್ಕಗಳು

ಚೀನಾದ ಅಧ್ಯಕ್ಷ ಹು ಜಿಂಟಾವೊ ಅವರು 2006ರ ನವೆಂಬರ್ 20ರಿಂದ 23ರವರೆಗೆ ಭಾರತದಲ್ಲಿ ಅಧಿಕೃತ ರಾಜ್ಯ ಭೇಟಿ ಕೈಗೊಂಡಿದ್ದರು. ದೆಹಲಿ, ಆಗ್ರಾ ಮತ್ತು ಮುಂಬೈ ನಗರಗಳಲ್ಲಿ ನಡೆದ ಆ ಭೇಟಿಗೂ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಭಾಗಗಳಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣುವುದಿಲ್ಲ. ಆದರೆ ಚೀನಾದ ನಾಯಕರೊಬ್ಬರು ಭಾರತಕ್ಕೆ ಬರುತ್ತಾರೆಂಬ ಸುದ್ದಿಯು ಈ ಮೂರು ಸ್ಥಳಗಳನ್ನು ಮುಟ್ಟುವಷ್ಟು ನೇರವಾಗಿ ರಾಜ್ಯದ ಇತರ ಕೆಲವೇ ಭಾಗಗಳನ್ನು ಮುಟ್ಟುತ್ತದೆ. ಇದಕ್ಕೆ ಕಾರಣಗಳು ಎರಡು. ಒಂದು, ಇಲ್ಲಿನ ರೇಷ್ಮೆ. ಮತ್ತೊಂದು, ಒಡೆಯರಪಾಳ್ಯದ ಟಿಬೆಟಿಯನ್ ನೆಲೆ.

ರೇಷ್ಮೆಯನ್ನು ಬೆಳೆಯುವ, ನೂಲು ಬಿಚ್ಚುವ, ನೇಯುವ ಮತ್ತು ಮಾರುವ ಕುಟುಂಬಗಳಿಗೆ ಚೀನಾ ಎಂದರೆ ದರ. ಟಿಬೆಟಿಯನ್ ಕುಟುಂಬಗಳಿಗೆ ಚೀನಾ ಎಂದರೆ ಕಳೆದುಕೊಂಡ ಊರು. ಈ ಎರಡು ಬಗೆಯ ಜನರೂ ಒಂದೇ ಸಂತೆಯಲ್ಲಿ ವ್ಯವಹರಿಸುವವರು. ಭೇಟಿಗಳ ಸಂದರ್ಭದಲ್ಲಿ ಕೇಳಿಬರುವ ಸ್ವಾಗತ ಮತ್ತು ವಿರೋಧಗಳೆರಡನ್ನೂ ಅರ್ಥಮಾಡಿಕೊಳ್ಳಬೇಕಾದರೆ ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಬರೆದು ನೋಡುವುದು ಅಗತ್ಯ. ಕಳೆದ ಎರಡು ದಶಕಗಳ ಅನುಭವವು ವ್ಯಾಪಾರಿಗಳಿಗೂ ಸಣ್ಣ ಉತ್ಪಾದಕರಿಗೂ ಇದರಿಂದ ಒಂದು ಉಪಯುಕ್ತ ಪಾಠವನ್ನು ಒದಗಿಸಿದೆ.

ಭೇಟಿಗಳ ಹಿನ್ನೆಲೆ

ಚೀನಾವು 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಅದೇ ವರ್ಷದ ಏಪ್ರಿಲ್ 1ರಿಂದ ಭಾರತವು ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳ ಕೊನೆಯ ಕಂತನ್ನು ತೆಗೆದುಹಾಕಿತ್ತು. ಮುಂದಿನ ತಿಂಗಳುಗಳಲ್ಲಿ ಎರಡೂ ದೇಶಗಳ ನಡುವೆ ಉನ್ನತ ಮಟ್ಟದ ಭೇಟಿಗಳು ಹೆಚ್ಚಿದವು. 2002ರ ಜನವರಿಯಲ್ಲಿ ಪ್ರಧಾನಿ ಝು ರೋಂಗ್‌ಜಿ ಬಂದರು. 2003ರ ಜೂನ್‌ನಲ್ಲಿ ಭಾರತದ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಚೀನಾಕ್ಕೆ ತೆರಳಿದರು. ಆ ಸಂದರ್ಭದ ಜಂಟಿ ಘೋಷಣೆಯಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶವು ಚೀನಾದ ಭೂಭಾಗವೆಂಬ ಮಾತನ್ನು ಭಾರತವು ಲಿಖಿತವಾಗಿ ಒಪ್ಪಿಕೊಂಡಿತು. ವ್ಯಾಪಾರದ ಬಾಗಿಲು ವಿಸ್ತಾರವಾಗಿ ತೆರೆದ ಅದೇ ಕಾಲದಲ್ಲಿ ಟಿಬೆಟಿಯನ್ನರ ಆಸೆಯ ಬಾಗಿಲು ಇನ್ನಷ್ಟು ಕಿರಿದಾಯಿತು.

2005ರ ಏಪ್ರಿಲ್ 9ರಂದು ಪ್ರಧಾನಿ ವೆನ್ ಜಿಯಾಬಾವೊ ಅವರು ದೆಹಲಿಗೆ ಹೋಗುವ ಮೊದಲು ನೇರವಾಗಿ ಬೆಂಗಳೂರಿಗೆ ಬಂದಿಳಿದರು. ಚೀನಾದ ಯಂತ್ರಾಂಶ ಮತ್ತು ಭಾರತದ ತಂತ್ರಾಂಶಗಳು ಎರಡು ಗೋಪುರಗಳಂತೆ ಜೊತೆಗೂಡಿ ನಿಲ್ಲಬೇಕೆಂಬ ಆಶಯವನ್ನು ಅವರು ವ್ಯಕ್ತಪಡಿಸಿದ್ದು ಆಗಲೇ. ಮರುದಿನ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಟಿಬೆಟಿಯನ್ ಲೇಖಕ ಹಾಗೂ ಹೋರಾಟಗಾರ ತೆನ್‌ಜಿನ್ ತ್ಸುಂಡೆ ಅವರು ಸಂಸ್ಥೆಯ ಗೋಪುರವನ್ನೇರಿ ಟಿಬೆಟ್ ಸ್ವಾತಂತ್ರ್ಯದ ಬ್ಯಾನರನ್ನು ಬಿಡಿಸಿ ಹಿಡಿದರು. ದೆಹಲಿಯಲ್ಲಿ ಏಪ್ರಿಲ್ 11ರಂದು ಗಡಿ ಪ್ರಶ್ನೆಯ ಇತ್ಯರ್ಥಕ್ಕೆ ಮಾರ್ಗದರ್ಶಿ ಸೂತ್ರಗಳ ಒಪ್ಪಂದಕ್ಕೆ ಸಹಿ ಬಿತ್ತು. ಸಿಕ್ಕಿಂ ರಾಜ್ಯವನ್ನು ಭಾರತದ ಭಾಗವಾಗಿ ತೋರಿಸುವ ನಕಾಶೆಯನ್ನು ಚೀನಾ ಹಸ್ತಾಂತರಿಸಿತು. 2008ರೊಳಗೆ ಉಭಯ ವ್ಯಾಪಾರವನ್ನು 20 ಶತಕೋಟಿ ಡಾಲರಿಗೆ ಏರಿಸುವ ಗುರಿಯನ್ನೂ ಪ್ರಕಟಿಸಲಾಯಿತು.

2006ರ ಜುಲೈ 6ರಂದು ನಾಥು ಲಾ ಕಣಿವೆಯ ಗಡಿ ವ್ಯಾಪಾರವು ನಾಲ್ಕು ದಶಕಗಳ ನಂತರ ಪುನರಾರಂಭವಾಯಿತು. ಆ ಮಾರ್ಗದಲ್ಲಿ ಆಮದಿಗೆ ಅನುಮತಿಸಲಾದ ಕೆಲವೇ ವಸ್ತುಗಳ ಪಟ್ಟಿಯಲ್ಲಿ ಉಣ್ಣೆ, ಚರ್ಮ, ಉಪ್ಪುಗಳೊಡನೆ ಕಚ್ಚಾ ರೇಷ್ಮೆಯೂ ಸೇರಿತ್ತು ಎಂಬುದನ್ನು ರೇಷ್ಮೆ ವ್ಯಾಪಾರಿಗಳು ಗಮನಿಸಬಹುದು.

ಇಷ್ಟೆಲ್ಲ ಸೌಹಾರ್ದದ ನಡುವೆಯೂ ಅಧ್ಯಕ್ಷ ಹು ಅವರ ಭೇಟಿಯು ವಿವಾದಕ್ಕೆ ಗುರಿಯಾಯಿತು. ಭೇಟಿಗೆ ಒಂದು ವಾರ ಮೊದಲು ದೆಹಲಿಯಲ್ಲಿದ್ದ ಚೀನಾದ ರಾಯಭಾರಿ ಸುನ್ ಯುಕ್ಸಿ ಅವರು ದೂರದರ್ಶನ ವಾಹಿನಿಯೊಂದಕ್ಕೆ ನೀಡಿದ ಸಂದರ್ಶನದಲ್ಲಿ ಸಮಗ್ರ ಅರುಣಾಚಲ ಪ್ರದೇಶವೂ ಚೀನಾಕ್ಕೆ ಸೇರಿದ್ದೆಂದು ಹೇಳಿದರು. ಭಾರತವು ಅದನ್ನು ತಳ್ಳಿಹಾಕಿತು. ತ್ಸುಂಡೆ ಅವರು ಧರ್ಮಶಾಲೆಯನ್ನು ಬಿಟ್ಟು ಹೊರಡದಂತೆ ಪೊಲೀಸರು ನಿರ್ಬಂಧಿಸಿದರು. ನವೆಂಬರ್ 23ರಂದು ಮುಂಬೈನ ತಾಜ್ ಹೋಟೆಲಿನ ಬಳಿ ಬೆಂಗಳೂರಿನ ಟಿಬೆಟಿಯನ್ ಯುವಕನೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡು ಪ್ರತಿಭಟಿಸಿದ. ಆತ ಬದುಕುಳಿದ. ಇತ್ತ ದೆಹಲಿಯಲ್ಲಿ 13 ಒಪ್ಪಂದಗಳಿಗೆ ಸಹಿಯಾಗಿ, 2010ರೊಳಗೆ 40 ಶತಕೋಟಿ ಡಾಲರ್ ವ್ಯಾಪಾರದ ಹೊಸ ಗುರಿ ನಿಗದಿಯಾಗಿತ್ತು.

ಒಡೆಯರಪಾಳ್ಯದ ಲೆಕ್ಕ

ದಲಾಯಿ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ನಂತರ ನಿರಾಶ್ರಿತರ ಪುನರ್ವಸತಿಗೆ ಭೂಮಿ ಒದಗಿಸುವಂತೆ ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೋರಿದರು. ಅಂದಿನ ಮೈಸೂರು ರಾಜ್ಯವು ಧಾರಾಳವಾಗಿ ಸ್ಪಂದಿಸಿತು. 1960ರಲ್ಲಿ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡು, ತದನಂತರ ಹುಣಸೂರು ಬಳಿಯ ಗುರುಪುರ, ಹೀಗೆ ನೆಲೆಗಳು ಏರ್ಪಟ್ಟವು. 1970ರ ದಶಕದ ಮೊದಲ ಭಾಗದಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಬೆಟ್ಟಸಾಲುಗಳ ನಡುವೆ ಧೋಂಡೆನ್‌ಲಿಂಗ್ ನೆಲೆ ಸ್ಥಾಪಿತವಾಯಿತು. 2017ರ ರಾಜ್ಯ ಬಜೆಟ್ಟಿನಲ್ಲಿ ಹನೂರು ಪ್ರತ್ಯೇಕ ತಾಲ್ಲೂಕೆಂದು ಘೋಷಿತವಾದ ಬಳಿಕ ಈ ನೆಲೆಯು ಹನೂರಿನ ವ್ಯಾಪ್ತಿಗೆ ಬಂದಿದೆ. ಇಲ್ಲಿನ ಜೊಗ್ಚೆನ್ ಮಠವನ್ನು 1992ರ ಜನವರಿಯಲ್ಲಿ ದಲಾಯಿ ಲಾಮಾ ಅವರೇ ಉದ್ಘಾಟಿಸಿದರು.

ಮುಸುಕಿನ ಜೋಳವು ಇಲ್ಲಿನ ಮುಖ್ಯ ಬೆಳೆ. ಮಳೆಯಾಶ್ರಿತ ಭೂಮಿ, ಕಾಡಾನೆ ಮತ್ತು ಹಂದಿಗಳ ಉಪಟಳ, ಅನಿಶ್ಚಿತ ಇಳುವರಿ, ಇವು ಸುತ್ತಲಿನ ಹಳ್ಳಿಗಳ ರೈತರಿಗೆ ಇರುವ ಕಷ್ಟಗಳೇ. ಆದುದರಿಂದ ಚಳಿಗಾಲ ಬಂತೆಂದರೆ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕಾಗಿ ದೇಶದ ಹತ್ತಾರು ನಗರಗಳಿಗೆ ತೆರಳುತ್ತವೆ. ಈ ಸ್ವೆಟರುಗಳು ಟಿಬೆಟಿನಿಂದ ಬಂದವೆಂದು ಕೊಳ್ಳುವವರಲ್ಲಿ ಹಲವರು ಭಾವಿಸುವುದುಂಟು. ವಾಸ್ತವವಾಗಿ ಅವು ಬಹುಪಾಲು ಪಂಜಾಬಿನ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಬರುವ ಸರಕು. ಋತುವಿನ ಆರಂಭದಲ್ಲಿ ಉದ್ದರಿಯ ಮೇಲೆ ಸರಕೆತ್ತಿ, ಋತು ಮುಗಿದ ಮೇಲೆ ಬಾಕಿ ತೀರಿಸುವ ಈ ವ್ಯವಸ್ಥೆಯು ಬರಿಯ ನಂಬಿಕೆಯ ಮೇಲೆ ದಶಕಗಳಿಂದ ನಡೆದುಬಂದಿದೆ. ವ್ಯಾಪಾರಿಗಳಾದವರು ಮೆಚ್ಚಬೇಕಾದ ಸಂಗತಿ ಇದು.

ಇಂತಹ ನೆಲೆಯಲ್ಲಿ ಚೀನಾ ನಾಯಕರ ಭೇಟಿಯ ಸುದ್ದಿಯು ವ್ಯಾಪಾರದ ಸುದ್ದಿಯಾಗಿ ತಲುಪುವುದಿಲ್ಲ. ಹಿರಿಯರಿಗೆ ಅದು 1959ರ ನೆನಪು. ಇಲ್ಲಿಯೇ ಹುಟ್ಟಿ, ಕನ್ನಡ ಮಾತನಾಡಿ, ಬೆಂಗಳೂರು ಮೈಸೂರುಗಳಲ್ಲಿ ಓದಿದ ಕಿರಿಯರಿಗೆ ಅದು ತಮ್ಮ ಸ್ಥಾನಮಾನದ ಪ್ರಶ್ನೆ. ಟಿಬೆಟಿಯನ್ನರು ಭಾರತದಲ್ಲಿ ವಾಸಿಸಲು ನೋಂದಣಿ ಪ್ರಮಾಣಪತ್ರವನ್ನು ಹೊಂದಿರಬೇಕು ಮತ್ತು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಭೂಮಿಯೂ ಗುತ್ತಿಗೆಯದು. ಅದರ ಗುತ್ತಿಗೆ ಪತ್ರಗಳನ್ನು ಕ್ರಮಬದ್ಧಗೊಳಿಸಲು ಕೇಂದ್ರ ಸರ್ಕಾರವು 2014ರಲ್ಲಿ ಟಿಬೆಟಿಯನ್ ಪುನರ್ವಸತಿ ನೀತಿಯನ್ನು ಹೊರಡಿಸಿತು. ಆತಿಥೇಯ ದೇಶದ ಔದಾರ್ಯವನ್ನೇ ನೆಚ್ಚಿಕೊಂಡವರು ಅದೇ ದೇಶದ ಅತಿಥಿಯನ್ನು ವಿರೋಧಿಸಬೇಕಾಗಿ ಬಂದಾಗ ಉಂಟಾಗುವ ಸಂಕಟ ಸಣ್ಣದಲ್ಲ. ಘೋಷಣೆ ಕೂಗಿದರೆ ಉಪಕಾರ ಮರೆತವರೆಂಬ ಮಾತು. ಸುಮ್ಮನಿದ್ದರೆ ತಮ್ಮವರನ್ನೇ ಮರೆತವರೆಂಬ ಅಳುಕು.

2019ರ ಅಕ್ಟೋಬರ್ 11 ಮತ್ತು 12ರಂದು ಅಧ್ಯಕ್ಷ ಷಿ ಜಿನ್‌ಪಿಂಗ್ ಅವರು ತಮಿಳುನಾಡಿನ ಮಹಾಬಲಿಪುರಕ್ಕೆ ಬಂದಾಗಲೂ ಇದೇ ದೃಶ್ಯ ಮರುಕಳಿಸಿತು. ಆ ದಿನಗಳಲ್ಲಿ ತ್ಸುಂಡೆ ಅವರನ್ನೂ ಚೆನ್ನೈನಲ್ಲಿದ್ದ ಟಿಬೆಟಿಯನ್ ವಿದ್ಯಾರ್ಥಿಗಳನ್ನೂ ಪೊಲೀಸರು ಮುಂಚಿತವಾಗಿಯೇ ವಶಕ್ಕೆ ತೆಗೆದುಕೊಂಡರು. ಅತಿಥಿಯ ಭದ್ರತೆಯು ಸರ್ಕಾರದ ಕರ್ತವ್ಯವೆಂಬುದು ನಿರ್ವಿವಾದ. ಆದರೆ ಆ ಕರ್ತವ್ಯದ ವೆಚ್ಚವನ್ನು ಭರಿಸಿದವರು ಯಾರು ಎಂಬುದನ್ನೂ ಲೆಕ್ಕದಲ್ಲಿ ತೋರಿಸುವುದು ನ್ಯಾಯ.

ಸ್ಥಳೀಯ ವರ್ತಕರಿಗೆ ಒಡೆಯರಪಾಳ್ಯವು ದಿನಸಿ, ಬಟ್ಟೆ, ಗೊಬ್ಬರ, ಕಟ್ಟಡ ಸಾಮಗ್ರಿಗಳ ಗ್ರಾಹಕ ನೆಲೆ. ಹಾಗಾಗಿ ಹನೂರು, ಕೊಳ್ಳೇಗಾಲಗಳ ವರ್ತಕರಿಗೆ ಇದು ದೂರದ ದೇಶದ ಸಮಸ್ಯೆಯಾಗಿರದೆ ನಿತ್ಯ ಕಾಣುವ ಗಿರಾಕಿಯ ಮನೆಯ ಸಮಸ್ಯೆಯಾಗಿದೆ.

ರೇಷ್ಮೆಯ ಲೆಕ್ಕ

ಕೊಳ್ಳೇಗಾಲವು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ ರೇಷ್ಮೆ ಕೃಷಿಯ ಹೆಸರು ಬಂದಾಗ ಮೊದಲು ಬರುತ್ತಿದ್ದುದು ಕೊಳ್ಳೇಗಾಲವೇ. ದೇವಾಂಗ ಸಮುದಾಯದ ನೇಕಾರರು ನೇಯ್ದ ಇಲ್ಲಿನ ಜರಿ ಸೀರೆ, ಪಂಚೆ, ಶಲ್ಯಗಳಿಗೆ ದಕ್ಷಿಣ ಭಾರತದಾದ್ಯಂತ ಬೇಡಿಕೆಯಿತ್ತು. ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಹಾಗೂ ನೆರೆಯ ಸಂತೇಮರಹಳ್ಳಿಗಳಲ್ಲಿ ಸರ್ಕಾರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ನೂರಾರು ಕೈಗಳಿಗೆ ಕೆಲಸ ಕೊಟ್ಟಿದ್ದವು.

ಈ ಸೀಮೆಗೆ ಚೀನಾದ ಸ್ಪರ್ಧೆ ಎದುರಾದ ಬಗೆಯನ್ನು ತಿಳಿಯಲು ನೂಲಿನ ಗುಣವನ್ನು ಅರಿಯಬೇಕು. ಕರ್ನಾಟಕದ ಸಾಂಪ್ರದಾಯಿಕ ಗೂಡು ಮಿಶ್ರತಳಿಯದು. ಒಂದು ಕಿಲೋ ನೂಲಿಗೆ ಸುಮಾರು ಏಳೆಂಟು ಕಿಲೋ ಗೂಡು ಬೇಕು. ಚರಕ ಮತ್ತು ಕಾಟೇಜ್ ಬೇಸಿನ್‌ಗಳಲ್ಲಿ ಬಿಚ್ಚಿದ ಈ ನೂಲು ಹೊಕ್ಕಿಗೆ ಚೆನ್ನಾಗಿ ಒಪ್ಪುತ್ತದೆ. ಕೈಮಗ್ಗದಲ್ಲಿ ಹಾಸಿಗೂ ನಡೆಯುತ್ತದೆ. ಆದರೆ ವಿದ್ಯುತ್ ಮಗ್ಗದ ವೇಗದಲ್ಲಿ ಹಾಸು ಪದೇ ಪದೇ ಹರಿಯುತ್ತದೆ. ಚೀನಾದ ನೂಲಾದರೋ ದ್ವಿತಳಿ ಗೂಡಿನಿಂದ ಸ್ವಯಂಚಾಲಿತ ಯಂತ್ರಗಳಲ್ಲಿ ಬಿಚ್ಚಿದ್ದು. ಎಳೆ ಸಮನಾಗಿರುತ್ತದೆ, ಗಂಟು ಕಡಿಮೆ, ಹಾಸಿಗೆ ಅನುಕೂಲ. ದರವೂ ಅನೇಕ ವೇಳೆ ಕಡಿಮೆ. 2002-03 ಮತ್ತು 2003-04ನೇ ಸಾಲುಗಳಲ್ಲಿ ಭಾರತಕ್ಕೆ ಬಂದ ಕಚ್ಚಾ ರೇಷ್ಮೆ ವಾರ್ಷಿಕ ಸುಮಾರು 9 ಸಾವಿರ ಟನ್. ಅದರಲ್ಲಿ ಅಧಿಕಾಂಶ ಚೀನಾದ್ದು. 2005-06ರಲ್ಲಿ ದೇಶದ ಒಟ್ಟು ಉತ್ಪಾದನೆಯೇ ಸುಮಾರು 17 ಸಾವಿರ ಟನ್ ಇದ್ದಿತೆಂಬುದನ್ನು ನೆನೆದರೆ ಒತ್ತಡದ ಪ್ರಮಾಣ ಅರ್ಥವಾಗುತ್ತದೆ.

ಈ ಹಿನ್ನೆಲೆಯಲ್ಲಿ ರೇಷ್ಮೆ ಸಮುದಾಯದ ಪ್ರತಿಕ್ರಿಯೆ ಒಂದೇ ಆಗಿರಲು ಸಾಧ್ಯವಿಲ್ಲ. ಹಿಪ್ಪುನೇರಳೆ ಬೆಳೆಗಾರನಿಗೆ ಚೀನಾದ ನೂಲು ಎಂದರೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಕೂಗು ಇಳಿಯುವುದು. ರೀಲರನಿಗೆ ಅದು ಬೆಳಿಗ್ಗೆ ಕೊಂಡ ಗೂಡಿನ ದರಕ್ಕೂ ವಾರದ ನಂತರ ಮಾರುವ ನೂಲಿನ ದರಕ್ಕೂ ಇರುವ ತೆಳ್ಳನೆಯ ಅಂತರವು ಕಾಣೆಯಾಗುವುದು. ಆದರೆ ನೇಕಾರನ ಮಾತು ಬೇರೆ. ಆತ ನೂಲನ್ನು ಕೊಳ್ಳುವವನು. ನೂಲಿನ ದರ ಏರಿದರೆ ಸೀರೆಯ ದರವನ್ನು ಮರುದಿನವೇ ಏರಿಸಲು ಅವನಿಂದಾಗದು. ಆಮದು ನೂಲಿನ ಮೇಲೆ ಸುಂಕ ಹೆಚ್ಚಿಸಿ ಎಂದು ರೀಲರು ಕೇಳುವಾಗ, ಇಳಿಸಿ ಎಂದು ನೇಕಾರನು ಕೇಳುತ್ತಾನೆ. ಒಂದೇ ಪಟ್ಟಣದ ಎರಡು ಬೀದಿಗಳಿಂದ ಎರಡು ವಿರುದ್ಧ ಮನವಿಗಳು ದೆಹಲಿಗೆ ಹೋಗುವುದು ಹೀಗೆ. ನೇಯ್ದ ಬಟ್ಟೆಯೇ ಚೀನಾದಿಂದ ಅಗ್ಗವಾಗಿ ಬರತೊಡಗಿದಾಗ ಮಾತ್ರ ಇಬ್ಬರ ಧ್ವನಿಯೂ ಒಂದಾಯಿತು.

ಕಲ್ಲಿನ ಉದ್ಯಮದಲ್ಲಿಯೂ ಇಂತಹುದೇ ದ್ವಂದ್ವವಿದೆ. ಚಾಮರಾಜನಗರ ಜಿಲ್ಲೆಯ ಕರಿಕಲ್ಲಿನಂತಹ ಭಾರತದ ಗ್ರಾನೈಟ್ ದಿಮ್ಮಿಗಳಿಗೆ ಚೀನಾ ದೊಡ್ಡ ಗಿರಾಕಿ. ಆದರೆ ಹೊಳಪು ಕೊಟ್ಟ ಸಿದ್ಧ ಚಪ್ಪಡಿಯ ಜಾಗತಿಕ ಮಾರುಕಟ್ಟೆಯಲ್ಲಿ ಅದೇ ಚೀನಾ ಪ್ರಬಲ ಪ್ರತಿಸ್ಪರ್ಧಿ. ಕಚ್ಚಾ ವಸ್ತು ಮಾರುವವನಿಗೆ ಮಿತ್ರ, ಸಿದ್ಧವಸ್ತು ಮಾರುವವನಿಗೆ ಎದುರಾಳಿ.

ಭೇಟಿಯೋ, ಅಧಿಸೂಚನೆಯೋ?

ಹು ಅವರ ಭೇಟಿಯಲ್ಲಿ ಸಹಿಯಾದ 13 ಒಪ್ಪಂದಗಳ ಶೀರ್ಷಿಕೆಗಳಲ್ಲಿ ಕಬ್ಬಿಣದ ಅದಿರಿತ್ತು, ಬಂಡವಾಳ ಹೂಡಿಕೆಯ ರಕ್ಷಣೆಯಿತ್ತು. ರೇಷ್ಮೆ ಇರಲಿಲ್ಲ. ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆಯಂತೆ ಕೊಳ್ಳೇಗಾಲದ ರೀಲರನ್ನಾಗಲಿ ನೇಕಾರನನ್ನಾಗಲಿ ಯಾರೂ ಕೇಳಿರಲಿಲ್ಲ. ಇದರಿಂದ ನಿರಾಶರಾಗಬೇಕಾದ ಕಾರಣವಿಲ್ಲ. ಏಕೆಂದರೆ ರೇಷ್ಮೆಯ ದರವನ್ನು ನಿರ್ಧರಿಸಿದ ಮುಖ್ಯ ತೀರ್ಮಾನಗಳು ಯಾವ ಭೇಟಿಯಲ್ಲಿಯೂ ಆಗಲಿಲ್ಲ. ಅವು ಬಜೆಟ್ಟಿನ ಅನುಬಂಧಗಳಲ್ಲಿ ಮತ್ತು ಕಸ್ಟಮ್ಸ್ ಅಧಿಸೂಚನೆಗಳಲ್ಲಿ ಆದವು.

2003ರಲ್ಲಿ ಚೀನಾದ 2ಎ ಹಾಗೂ ಅದಕ್ಕಿಂತ ಕೆಳದರ್ಜೆಯ ಕಚ್ಚಾ ರೇಷ್ಮೆಯ ಮೇಲೆ ಆಂಟಿ ಡಂಪಿಂಗ್ ಸುಂಕ ಜಾರಿಗೆ ಬಂದಿತು. ನಿಗದಿತ ಉಲ್ಲೇಖ ದರಕ್ಕಿಂತ ಕಡಿಮೆ ದರದಲ್ಲಿ ಸರಕು ಬಂದರೆ ವ್ಯತ್ಯಾಸದಷ್ಟು ಸುಂಕ ಎಂಬುದು ಅದರ ಸ್ವರೂಪ. ಮೇಲ್ದರ್ಜೆಯ ನೂಲಿಗೆ ಅದು ಅನ್ವಯಿಸುತ್ತಿರಲಿಲ್ಲವಾದ್ದರಿಂದ ಕೆಳದರ್ಜೆಯ ಸರಕನ್ನೇ ಮೇಲ್ದರ್ಜೆಯೆಂದು ನಮೂದಿಸಿ ತರುತ್ತಾರೆಂಬ ದೂರು ರೀಲರುಗಳದಾಗಿತ್ತು. 2006ರಲ್ಲಿ, ಹು ಅವರ ಭೇಟಿಯ ವರ್ಷದಲ್ಲಿಯೇ, ಚೀನಾದ ಹಗುರ ರೇಷ್ಮೆ ಬಟ್ಟೆಯ ಮೇಲೂ ಇಂತಹ ಸುಂಕ ವಿಧಿಸಲಾಯಿತು. ರಾಷ್ಟ್ರನಾಯಕರು ಕೈಕುಲುಕುವ ವರ್ಷದಲ್ಲಿಯೂ ಪ್ರಾಧಿಕಾರವು ತನ್ನ ಮುಂದಿರುವ ಕಡತದ ಅಂಕಿಗಳನ್ನು ನೋಡಿ ತೀರ್ಮಾನಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2011-12ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ಶೇಕಡಾ 30ರಿಂದ ಒಮ್ಮೆಲೇ ಶೇಕಡಾ 5ಕ್ಕೆ ಇಳಿಸಲಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಚೀನಾದ ಯಾವ ನಾಯಕರೂ ಭಾರತದಲ್ಲಿರಲಿಲ್ಲ, ಯಾವ ಪ್ರತಿಭಟನೆಗೂ ಆಸ್ಪದವಿರಲಿಲ್ಲ. ಆದರೆ ಗೂಡಿನ ಮಾರುಕಟ್ಟೆಗಳಲ್ಲಿ ದರ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಲಾಯಿತು. ನಂತರ ಶೇಕಡಾ 10ಕ್ಕೆ ಇಳಿದು, 2021ರ ಫೆಬ್ರವರಿಯ ಬಜೆಟ್ಟಿನಲ್ಲಿ ಮತ್ತೆ ಶೇಕಡಾ 15ಕ್ಕೆ ಏರಿತು. ಇದರ ನಡುವೆ 2015ರ ಡಿಸೆಂಬರ್‌ನಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಕಿಲೋಗೆ 1.85 ಡಾಲರ್‌ನಂತೆ ಆಂಟಿ ಡಂಪಿಂಗ್ ಸುಂಕವನ್ನು ಹೊಸದಾಗಿ ವಿಧಿಸಲಾಗಿತ್ತು.

ಅಂದರೆ, ಭೇಟಿಯ ದಿನದಂದು ಪತ್ರಿಕೆಯ ಮುಖಪುಟವನ್ನು ಓದಿದ ವರ್ತಕನಿಗಿಂತ ಬಜೆಟ್ಟಿನ ಮರುದಿನ ಒಳಪುಟದ ಸುಂಕಪಟ್ಟಿಯನ್ನು ಓದಿದ ವರ್ತಕನಿಗೆ ಹೆಚ್ಚು ಲಾಭವಾಗಿದೆ.

ಬಹಿಷ್ಕಾರದ ಮಾತು

ಚೀನಾದೊಂದಿಗೆ ವಿರಸ ಬಂದಾಗಲೆಲ್ಲ ಆ ದೇಶದ ಸರಕನ್ನು ಬಹಿಷ್ಕರಿಸಬೇಕೆಂಬ ಕೂಗು ಏಳುತ್ತದೆ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಭಾರತದ 20 ಯೋಧರು ಹುತಾತ್ಮರಾದಾಗ ಈ ಕೂಗು ಸಹಜವಾಗಿಯೇ ತೀವ್ರವಾಯಿತು. ಟಿಬೆಟಿಯನ್ ಸಂಘಟನೆಗಳು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿವೆ. ಈ ಭಾವನೆಯನ್ನು ಗೌರವಿಸಬೇಕು. ಆದರೆ ಲೆಕ್ಕದ ಪುಸ್ತಕವು ಬೇರೆಯದನ್ನೇ ಹೇಳುತ್ತದೆ. 2024-25ನೇ ಸಾಲಿನಲ್ಲಿ ಚೀನಾದೊಂದಿಗೆ ಭಾರತದ ವ್ಯಾಪಾರ ಕೊರತೆ ಸುಮಾರು 99 ಶತಕೋಟಿ ಡಾಲರ್ ತಲುಪಿತು. 2006ರಲ್ಲಿ ಒಟ್ಟು ವ್ಯಾಪಾರಕ್ಕೆ ಇರಿಸಿಕೊಂಡಿದ್ದ 40 ಶತಕೋಟಿಯ ಗುರಿಯ ಎರಡು ಪಟ್ಟಿಗಿಂತಲೂ ಹೆಚ್ಚಿನ ಮೊತ್ತ ಇಂದು ಕೊರತೆಯೊಂದೇ ಆಗಿದೆ.

ರೇಷ್ಮೆಯಲ್ಲಿ ಮಾತ್ರ ಚಿತ್ರ ಭಿನ್ನವಾಗಿದೆ. ಸುಮಾರು 9 ಸಾವಿರ ಟನ್ ಇದ್ದ ಕಚ್ಚಾ ರೇಷ್ಮೆಯ ಆಮದು 2013-14ರ ವೇಳೆಗೆ ಸುಮಾರು 3,200 ಟನ್‌ಗೆ ಇಳಿಯಿತು. ದೇಶದ ಉತ್ಪಾದನೆ 2023-24ರಲ್ಲಿ 38 ಸಾವಿರ ಟನ್ ಮೀರಿತು. ಇದು ಘೋಷಣೆಯಿಂದ ಆದದ್ದಲ್ಲ. ದ್ವಿತಳಿ ಗೂಡಿನ ವಿಸ್ತರಣೆ, ಸುಂಕದ ಆಸರೆ, ಉತ್ತಮ ಬಿಚ್ಚಾಣಿಕೆ ಯಂತ್ರಗಳು ಮತ್ತು ಚೀನಾದಲ್ಲಿಯೇ ಏರಿದ ಕೂಲಿ ದರ, ಇವೆಲ್ಲ ಕೂಡಿ ಆದದ್ದು. ವಿಚಿತ್ರವೆಂದರೆ ಕರ್ನಾಟಕದಲ್ಲಿ ಸಹಾಯಧನದೊಂದಿಗೆ ಸ್ಥಾಪನೆಯಾದ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳಲ್ಲಿ ಅನೇಕವು ಚೀನಾದಿಂದಲೇ ಬಂದವು. ಚೀನಾದ ನೂಲನ್ನು ಹಿಮ್ಮೆಟ್ಟಿಸಲು ಚೀನಾದ ಯಂತ್ರವನ್ನೇ ಕೊಳ್ಳಬೇಕಾಯಿತು. ಬಹಿಷ್ಕಾರವನ್ನು ಅಕ್ಷರಶಃ ಪಾಲಿಸಿದ್ದರೆ ಈ ದಾರಿಯೂ ಮುಚ್ಚಿರುತ್ತಿತ್ತು.

ದೂರನ್ನು ಅಂಕಿಗಳಲ್ಲಿ ಹೇಳುವುದು

ಆಂಟಿ ಡಂಪಿಂಗ್ ಸುಂಕವು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಯ 9ಎ ವಿಧಿ ಮತ್ತು 1995ರ ನಿಯಮಾವಳಿಯ ಅನ್ವಯ ವಿಧಿಸಲ್ಪಡುತ್ತದೆ. ತನಿಖೆ ನಡೆಸುವುದು 2018ರಿಂದ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ. ಮೂರು ಸಂಗತಿಗಳು ಸಾಬೀತಾಗಬೇಕು. ರಫ್ತು ಮಾಡುವ ದೇಶವು ಸಾಮಾನ್ಯ ಮೌಲ್ಯಕ್ಕಿಂತ ಕಡಿಮೆ ದರದಲ್ಲಿ ಸರಕು ಕಳುಹಿಸುತ್ತಿರಬೇಕು. ದೇಶೀಯ ಉದ್ಯಮಕ್ಕೆ ಹಾನಿಯಾಗಿರಬೇಕು. ಆ ಹಾನಿಗೆ ಆ ಆಮದೇ ಕಾರಣವಾಗಿರಬೇಕು. ಅರ್ಜಿಯನ್ನು ಬೆಂಬಲಿಸುವ ಉತ್ಪಾದಕರ ಪಾಲು ಒಟ್ಟು ದೇಶೀಯ ಉತ್ಪಾದನೆಯ ಶೇಕಡಾ 25ಕ್ಕಿಂತ ಕಡಿಮೆ ಇರಕೂಡದು. ಅಭಿಪ್ರಾಯ ತಿಳಿಸಿದವರಲ್ಲಿ ವಿರೋಧಿಸುವವರಿಗಿಂತ ಬೆಂಬಲಿಸುವವರ ಉತ್ಪಾದನೆ ಹೆಚ್ಚಿರಬೇಕು. ಸುಂಕದ ಅವಧಿ ಸಾಮಾನ್ಯವಾಗಿ ಐದು ವರ್ಷ. ಅವಧಿ ಮುಗಿಯುವ ಮೊದಲೇ ಮರುಪರಿಶೀಲನೆಗೆ ಅರ್ಜಿ ಹಾಕದಿದ್ದರೆ ಸುಂಕವು ತಾನಾಗಿಯೇ ಬಿದ್ದುಹೋಗುತ್ತದೆ.

ಸಣ್ಣ ಉತ್ಪಾದಕರು ಎಡವುವುದು ಎರಡನೆಯ ಸಂಗತಿಯಲ್ಲಿ. ಹಾನಿಯಾಗಿದೆ ಎಂಬುದು ಅವರಿಗೆ ಗೊತ್ತು, ಆದರೆ ಕಾಗದದಲ್ಲಿಲ್ಲ. ಒಂದು ಘಟಕದಲ್ಲಿ ಕಳೆದ ಮೂರು ವರ್ಷಗಳಲ್ಲಿ ಎಷ್ಟು ಗೂಡು ಕೊಂಡು ಎಷ್ಟು ನೂಲು ತೆಗೆಯಲಾಯಿತು, ಸೌದೆ ಮತ್ತು ಕೂಲಿಗೆ ತಗಲಿದ್ದೆಷ್ಟು, ನೂಲು ಯಾವ ದಿನ ಯಾವ ದರಕ್ಕೆ ಹೋಯಿತು, ಎಷ್ಟು ದಿನ ಬೇಸಿನ್ ನಿಂತಿತ್ತು ಎಂಬ ಪ್ರಶ್ನೆಗಳಿಗೆ ನೆನಪಿನಿಂದ ಉತ್ತರ ಬರುತ್ತದೆಯೇ ಹೊರತು ದಾಖಲೆಯಿಂದಲ್ಲ. ಕರ್ನಾಟಕದಲ್ಲಿ 1959ರ ಕಾಯಿದೆಯಂತೆ ಗೂಡಿನ ವಹಿವಾಟು ಸರ್ಕಾರಿ ಮಾರುಕಟ್ಟೆಯಲ್ಲಿ ನಡೆಯುವುದರಿಂದ ಕೊಳ್ಳುವ ಚೀಟಿಯಂತೂ ರೀಲರನ ಕೈಯಲ್ಲಿರುತ್ತದೆ. ಅದನ್ನು ಜೋಪಾನವಾಗಿ ಇಟ್ಟು, ಮಾರಾಟದ ಬಿಲ್ಲಿನೊಡನೆ ಹೊಂದಿಸಿ ತಿಂಗಳಿಗೊಂದು ಹಾಳೆ ಬರೆದಿಟ್ಟರೆ ಅರ್ಧ ಕೆಲಸವಾದಂತೆ.

ಈ ಸೀಮೆಯ ವರ್ತಕರು ಹಾಗೂ ಉತ್ಪಾದಕರು ಗಮನಿಸಬೇಕಾದ ಅಂಶಗಳನ್ನು ಹೀಗೆ ಕ್ರೋಡೀಕರಿಸಬಹುದು:

1. ಗೂಡು, ನೂಲು, ಕೂಲಿ, ಇಂಧನಗಳ ಮಾಸಿಕ ಲೆಕ್ಕವನ್ನು ಪ್ರತಿ ಘಟಕವೂ ಒಂದೇ ನಮೂನೆಯಲ್ಲಿ ಇಡುವುದು. ಸಂಘಗಳು ಆ ನಮೂನೆಯನ್ನು ಒದಗಿಸುವುದು.

2. ಜಾರಿಯಲ್ಲಿರುವ ಪ್ರತಿಯೊಂದು ಸುಂಕದ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಮುಂಚಿತವಾಗಿ ಗುರುತಿಸಿ ಮರುಪರಿಶೀಲನೆಗೆ ಸಿದ್ಧರಾಗುವುದು.

3. ರೀಲರು ಮತ್ತು ನೇಕಾರರು ಪ್ರತ್ಯೇಕ ಮನವಿಗಳನ್ನು ಕಳುಹಿಸುವ ಮೊದಲು ಒಟ್ಟಿಗೆ ಕುಳಿತು, ಹಾಸಿಗೆ ಬೇಕಾದ ಮೇಲ್ದರ್ಜೆಯ ನೂಲು ಎಷ್ಟು, ಅದರಲ್ಲಿ ಸ್ಥಳೀಯವಾಗಿ ದೊರೆಯುವುದೆಷ್ಟು ಎಂಬುದನ್ನು ಒಪ್ಪಿಕೊಂಡು ಒಂದೇ ಮನವಿ ಸಲ್ಲಿಸುವುದು.

4. ಶುದ್ಧ ರೇಷ್ಮೆಯ ಗುರುತಾಗಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿಯನ್ನು ಕೊಳ್ಳೇಗಾಲದ ಸೀರೆ ಮತ್ತು ಶಲ್ಯಗಳಿಗೆ ತಪ್ಪದೆ ಬಳಸುವುದು.

ಎರಡು ಲೆಕ್ಕ, ಒಂದೇ ಸಂತೆ

ರೇಷ್ಮೆಯ ಲೆಕ್ಕಕ್ಕೆ ಪರಿಹಾರವಿದೆ. ಅದು ನಿಧಾನವಾದರೂ ಕಾನೂನಿನೊಳಗಿದೆ, ಅಂಕಿಗಳಿಗೆ ಮಣಿಯುತ್ತದೆ. ಕಚ್ಚಾ ರೇಷ್ಮೆಯ ಆಮದು ಮೂರನೆಯ ಒಂದು ಭಾಗಕ್ಕೆ ಇಳಿದದ್ದೇ ಅದಕ್ಕೆ ಪ್ರಮಾಣ. ಒಡೆಯರಪಾಳ್ಯದ ಲೆಕ್ಕಕ್ಕೆ ಅಂತಹ ಪ್ರಾಧಿಕಾರವಿಲ್ಲ, ಅರ್ಜಿ ನಮೂನೆಯೂ ಇಲ್ಲ. ಅಲ್ಲಿನ ಹಾನಿಯನ್ನು ಕಿಲೋಗೆ ಇಷ್ಟು ಡಾಲರ್ ಎಂದು ನಿಗದಿಪಡಿಸಲಾಗದು. ಆದ್ದರಿಂದಲೇ ಭೇಟಿಯ ದಿನಗಳಲ್ಲಿ ಒಂದು ಬ್ಯಾನರ್ ಹಿಡಿಯುವುದು ಅವರಿಗೆ ಅಷ್ಟು ಮುಖ್ಯವಾಗುತ್ತದೆ. ಹೇಳಿಕೊಳ್ಳಲು ಬೇರೆ ದಿನಗಳೂ ಬೇರೆ ಜಾಗಗಳೂ ಅವರಿಗೆ ಕಡಿಮೆ.

ಕೊಳ್ಳೇಗಾಲದ ವರ್ತಕನು ಚೀನಾದ ನೂಲನ್ನು ಮಾರುತ್ತಲೇ ಒಡೆಯರಪಾಳ್ಯದ ಗಿರಾಕಿಗೆ ಅಕ್ಕಿಯನ್ನೂ ಮಾರಬೇಕಾಗಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ವ್ಯಾಪಾರದ ಸ್ವಭಾವವೇ ಅಂತಹುದು. ಆದರೆ ಒಂದು ಲೆಕ್ಕದ ಲಾಭವನ್ನು ತೋರಿಸಿ ಇನ್ನೊಂದರ ನಷ್ಟವನ್ನು ಅಳಿಸಿಹಾಕುವುದು ಸರಿಯಾದ ಲೆಕ್ಕವೆನಿಸುವುದಿಲ್ಲ. ಮುಂದೆ ಚೀನಾದ ನಾಯಕರೊಬ್ಬರು ಮತ್ತೆ ಬರುತ್ತಾರೆ, ಹಸ್ತಲಾಘವಗಳಾಗುತ್ತವೆ, ಹೊಸ ಗುರಿಗಳ ಪ್ರಕಟಣೆಯಾಗುತ್ತದೆ. ಅಷ್ಟರೊಳಗೆ ರೀಲರನ ತಿಂಗಳ ಹಾಳೆ ಬರೆದು ಸಿದ್ಧವಾಗಿರಲಿ. ಆ ದಿನ ಒಡೆಯರಪಾಳ್ಯದಿಂದ ಬಂದ ಗಿರಾಕಿಯು ಎಂದಿಗಿಂತ ಮೌನವಾಗಿ ಅಂಗಡಿಯ ಮುಂದೆ ನಿಂತರೆ, ಆ ಮೌನದ ಕಾರಣವು ವರ್ತಕನಿಗೆ ತಿಳಿದಿರಲಿ.